ಡಿಸ್ಕ್ 100% ಅಂತ ತೋರಿಸಿದರೆ ಮೊದಲು ಫೋಟೋ ಕಾಪಿ ಮಾಡಿಕೊಳ್ಳಿ

ಟಾಸ್ಕ್ ಮ್ಯಾನೇಜರ್ ತೆಗೆದರೆ ಡಿಸ್ಕ್ ಕಾಲಂ ಕೆಂಪಗೆ 100% ಅಂತ ನಿಂತಿದೆಯಾ? ಕಾರಣ ಏನು ಅಂತ ಗೊತ್ತಾಗುತ್ತಿಲ್ಲವಾ? ಹಾಗಾದರೆ ಏನನ್ನೂ ಮುಟ್ಟುವ ಮುಂಚೆ ಇದನ್ನು ಓದಿ. ನಾನು ಕಂಡಿದ್ದನ್ನೆಲ್ಲ ಮುಟ್ಟಿದೆ. ಮಗಳ ಮೊದಲ ಎರಡು ವರ್ಷದ ಫೋಟೋ ಹೋದವು.

2018ರಲ್ಲಿ ಕೊಂಡ ಲ್ಯಾಪ್‌ಟಾಪ್. ವಿಂಡೋಸ್ 10, ಒಂದು ಟಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿ, ಡಿಕಾಕ್ಷನ್ ಇಳಿಸಿ, ಕಾಫಿ ಕುಡಿದು ಬಂದರೂ ಡೆಸ್ಕ್‌ಟಾಪ್ ಪೂರ್ತಿ ಬಂದಿರುತ್ತಿರಲಿಲ್ಲ. ವಿಡಿಯೋಗಳನ್ನು ನೋಡಿ ಸಿಸ್‌ಮೇನ್ (ಪ್ರೋಗ್ರಾಂ ಬೇಗ ತೆರೆಯಲಿ ಅಂತ ವಿಂಡೋಸ್ ಹಿಂದೆ ನಡೆಸುವ ಕೆಲಸ) ನಿಲ್ಲಿಸಿದೆ, ವಿಂಡೋಸ್ ಸರ್ಚ್ ನಿಲ್ಲಿಸಿದೆ. ಇವೂ ನಿಜವಾದ ಕಾರಣಗಳೇ, ಸುಳ್ಳಲ್ಲ. ಅಪ್‌ಡೇಟ್, ವೈರಸ್ ಸ್ಕ್ಯಾನ್, ಇಂಡೆಕ್ಸಿಂಗ್ (ಹುಡುಕಲು ಅನುಕೂಲವಾಗಲಿ ಅಂತ ಫೈಲ್‌ಗಳ ಪಟ್ಟಿ ಮಾಡುವುದು) ನಡೆಯುವಾಗ ಹಳೆ ಹಾರ್ಡ್ ಡಿಸ್ಕ್ ಒದ್ದಾಡುತ್ತದೆ. ಆದರೆ ಕೆಲಸ ಮುಗಿದ ಮೇಲೆ ಸುಮ್ಮನಾಗುತ್ತದೆ. ನನ್ನದು ಸುಮ್ಮನಾಗಲಿಲ್ಲ.

ಆಮೇಲೆ ಒಂದು 'ಬೂಸ್ಟರ್' ಸಾಫ್ಟ್‌ವೇರ್‌ಗೆ 1,499 ರೂಪಾಯಿ ಕೊಟ್ಟೆ. ಸಾವಿರಕ್ಕೂ ಜಾಸ್ತಿ ತಪ್ಪು ಇದೆ ಅಂತ ಹೆದರಿಸಿತ್ತು. ಹಾಕಿದ ಮೇಲೆ ಅದೇ ಬೆಳಗಿನಿಂದ ಸಂಜೆವರೆಗೆ ಡಿಸ್ಕ್ ಓದುತ್ತಾ ಕೂತಿತು. ಅದರ ಬಗ್ಗೆ ಇಷ್ಟು ಸಾಕು.

ನನಗೆ ಆಗ ಗೊತ್ತಿಲ್ಲದ ವಿಷಯ ಇದು. 100% ಅಂದರೆ ಡಿಸ್ಕ್ ತುಂಬಿದೆ ಅಂತ ಅಲ್ಲ. (ಭಾವ ಹೇಳಿದರು ಅಂತ ಸಿನಿಮಾಗಳನ್ನೆಲ್ಲ ಅಳಿಸಿದ್ದೆ, ಪಾಪ.) ಡಿಸ್ಕ್ ಒಂದು ಕ್ಷಣವೂ ಬಿಡುವಿಲ್ಲದೆ ಇದೆ ಅಂತ ಅರ್ಥ. ರೇಷನ್ ಅಂಗಡಿಯಲ್ಲಿ ಒಬ್ಬರ ಹೆಬ್ಬೆಟ್ಟು ಮ್ಯಾಚ್ ಆಗದೆ 'ಇನ್ನೊಂದ್ಸಲ ಇಡಿ, ಒರೆಸಿ ಇಡಿ' ಅಂತ ಹತ್ತು ನಿಮಿಷ ಹಿಡಿಯುತ್ತದಲ್ಲ, ಹಾಗೆ. ಅಂಗಡಿಯವನು ಪೂರ್ತಿ ಬ್ಯುಸಿ, ಒಂದು ಕೆಜಿ ಅಕ್ಕಿ ಹೊರಗೆ ಹೋಗಿಲ್ಲ. ಹಾಳಾಗುತ್ತಿರುವ ಡಿಸ್ಕ್ ಕೂಡ ಓದಲು ಆಗದ ಜಾಗವನ್ನು ಮತ್ತೆ ಮತ್ತೆ ಓದಲು ನೋಡುತ್ತದೆ.

ಇದು ಟಾಸ್ಕ್ ಮ್ಯಾನೇಜರ್‌ನಲ್ಲೇ ಕಾಣುತ್ತದೆ. ಪರ್ಫಾರ್ಮೆನ್ಸ್ ಟ್ಯಾಬ್‌ಗೆ ಹೋಗಿ ಡಿಸ್ಕ್ ಒತ್ತಿ. ಓದುವ ವೇಗವನ್ನೂ 'ಆವರೇಜ್ ರೆಸ್ಪಾನ್ಸ್ ಟೈಮ್' ಅನ್ನೂ ನೋಡಿ. ನನ್ನದರಲ್ಲಿ 100%, ವೇಗ ಸೆಕೆಂಡಿಗೆ 300 ಕೆಬಿ, ರೆಸ್ಪಾನ್ಸ್ 4,000 ಮಿಲಿಸೆಕೆಂಡಿನ ಮೇಲೆ. ವೇಗ ಚೆನ್ನಾಗಿದ್ದು 100% ಇದ್ದರೆ ಯಾವುದೋ ಪ್ರೋಗ್ರಾಂ ಕೆಲಸ ಮಾಡುತ್ತಿರಬಹುದು. ವಿಂಡೋಸ್‌ನಲ್ಲೇ ಇರುವ ರಿಸೋರ್ಸ್ ಮಾನಿಟರ್ ತೆಗೆದರೆ ಯಾವ ಫೈಲ್ ಅಂತಲೂ ತೋರಿಸುತ್ತದೆ. ವೇಗ ಇಲ್ಲದೆ 100% ಇದ್ದು, ರೆಸ್ಪಾನ್ಸ್ ಸಾವಿರಗಳಲ್ಲೇ ನಿಂತಿದ್ದರೆ ಡಿಸ್ಕ್ ಮೇಲೇ ಅನುಮಾನ ಪಡಿ.

ನಾನು ಪಡಲಿಲ್ಲ. ರಿಪೇರಿ ಅಂಗಡಿಯವರು ಫೋನಿನಲ್ಲೇ 'ಚೆಕ್‌ಡಿಸ್ಕ್ ಸ್ಲ್ಯಾಶ್ ಆರ್ ಹಾಕಿ ಮಲಗಿ ಸಾರ್' ಅಂದರು. ಹಾಕಿದೆ. ಅದು ಡಿಸ್ಕ್ ಪರೀಕ್ಷಿಸುವ ವಿಂಡೋಸ್ ಕಮಾಂಡ್, ಇಡೀ ಡಿಸ್ಕಿನ ಒಂದೊಂದು ಸೆಕ್ಟರನ್ನೂ (ಡಿಸ್ಕಿನ ಚಿಕ್ಕ ಚಿಕ್ಕ ತುಂಡು) ಓದುತ್ತದೆ. ಏದುಸಿರು ಬಿಡುವವರನ್ನು ಬೆಟ್ಟ ಹತ್ತಿಸಿದ ಹಾಗೆ. ಬೆಳಿಗ್ಗೆ ನೋಡಿದರೆ 27%ಗೆ ನಿಂತಿತ್ತು. ಕಿವಿ ಹತ್ತಿರ ಇಟ್ಟರೆ ಟಿಕ್... ಟಿಕ್... ಟಿಕ್. ಆಫ್ ಮಾಡಿ ಆನ್ ಮಾಡಿದೆ. ಡಿಸ್ಕೇ ಇಲ್ಲ ಅಂತ ಬಂತು.

ಹಿಂದಿನ ದಿನ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಬೇಕಿತ್ತು. ಡಿಸ್ಕಿನ ಆರೋಗ್ಯ ತೋರಿಸುವ ಸಾಫ್ಟ್‌ವೇರ್ ಅದು, ಪುಕ್ಕಟೆ ಸಿಗುತ್ತದೆ, ಎರಡು ನಿಮಿಷದ ಕೆಲಸ. ಹಳದಿ ಬಣ್ಣದಲ್ಲಿ 'ಕಾಷನ್' ಅಂತ ಬಂದರೆ, ಅಥವಾ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಾಯಿಸಿದ ಜಾಗ), ಕರೆಂಟ್ ಪೆಂಡಿಂಗ್ ಸೆಕ್ಟರ್ (ಓದಲು ಆಗದೆ ಅನುಮಾನದಲ್ಲಿರುವ ಜಾಗ) ಸಾಲುಗಳ ಕೊನೆಯಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ, ಬೇರೆ ಕೆಲಸ ಬಿಟ್ಟು ಇನ್ನೊಂದು ಡಿಸ್ಕ್‌ಗೆ ಕಾಪಿ ಶುರು ಮಾಡಿ. ಆ ಅಂಕಿ ಹೆಕ್ಸಾಡೆಸಿಮಲ್‌ನಲ್ಲಿರುತ್ತದೆ (ಹತ್ತರ ಬದಲು ಹದಿನಾರರ ಲೆಕ್ಕ), 10 ಅಂತ ಇದ್ದರೆ 16 ಅಂತ ಓದಿಕೊಳ್ಳಿ. ಇಡೀ ಡಿಸ್ಕ್ ಎಳೆಯಲು ಹೋಗಬೇಡಿ. ಮತ್ತೆ ಸಿಗದ ಫೋಲ್ಡರ್ ಮೊದಲು. ಯಾವುದಾದರೂ ಫೈಲ್ ಸಿಕ್ಕಿಹಾಕಿಕೊಂಡರೆ ಸ್ಕಿಪ್ ಮಾಡಿ. ಡಿಫ್ರಾಗ್ (ಚದುರಿದ ಫೈಲ್‌ಗಳನ್ನು ಒಟ್ಟಿಗೆ ಜೋಡಿಸುವುದು) ಬೇಡ, ಚೆಕ್‌ಡಿಸ್ಕ್ ಬೇಡ, ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಟಿಕ್ ಟಿಕ್ ಕೇಳಿಸಿದರೆ ಆಫ್ ಮಾಡಿ ಹಾಗೇ ಇಟ್ಟುಬಿಡಿ.

ಡೇಟಾ ತೆಗೆಯಲು ಬೆಂಗಳೂರಿನಲ್ಲಿ 38,000 ಕೇಳಿದರು, ಗ್ಯಾರಂಟಿ ಇಲ್ಲ. ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್) ಹಾಕಿಸಿದೆ, ಈಗ ಕುದುರೆ ಹಾಗೆ ಓಡುತ್ತಿದೆ. ಹಳೆ ಡಿಸ್ಕ್ ಬೀರುವಿನಲ್ಲಿದೆ. ನಾಮಕರಣದ ಫೋಟೋ ತೆಗೆದ ಸ್ಟುಡಿಯೋದವರ ಹತ್ತಿರ ಹಳೆ ಕಾಪಿ ಇದೆಯಾ ಅಂತ ಹೆಂಡತಿ ಕೇಳಿದ್ದಾಳೆ. ಹುಡುಕಿ ಹೇಳುತ್ತೇವೆ ಅಂದಿದ್ದಾರೆ.