ಗಾಣಗಾಪುರ ಯಾತ್ರೆಗೆ ಬಾಡಿಗೆ ಗಾಲಿಕುರ್ಚಿ

ಎರಡೂ ಮೊಣಕಾಲು ಸವೆದು ಹತ್ತು ಹೆಜ್ಜೆಗೊಮ್ಮೆ ಕೂರುವ ನಮ್ಮ ತಾಯಿಯವರನ್ನು ದೇವಲ ಗಾಣಗಾಪುರದ ದತ್ತ ಕ್ಷೇತ್ರಕ್ಕೆ ಕರೆದೊಯ್ಯಲೆಂದು, ಕಲಬುರಗಿಯ ಸರ್ಜಿಕಲ್ ಅಂಗಡಿಯೊಂದರಿಂದ ಮಡಚುವ ಗಾಲಿಕುರ್ಚಿಯನ್ನು ಎರಡು ದಿನದ ಮಟ್ಟಿಗೆ ಬಾಡಿಗೆಗೆ ಪಡೆದಿದ್ದೆವು. ಗಾಣಗಾಪುರ ರೋಡ್ ರೈಲು ನಿಲ್ದಾಣದಿಂದ ಊರು ಸುಮಾರು 20 ಕಿ.ಮೀ. ದೂರವಿರುವುದರಿಂದ ನೇರವಾಗಿ ಕಾರಿನಲ್ಲೇ ಹೊರಟೆವು.

ಅಂಗಡಿಯವರು ಕೊಟ್ಟದ್ದು ನಾಲ್ಕೂ ಚಿಕ್ಕ ಗಾಲಿಗಳ, ಹಿಂದಿನಿಂದ ಒಬ್ಬರು ತಳ್ಳಲೇಬೇಕಾದ ಕುರ್ಚಿ. ಹಗುರವಾಗಿದೆ, ಡಿಕ್ಕಿಯಲ್ಲಿ ಸಲೀಸಾಗಿ ಹಿಡಿಸುತ್ತದೆ, ಆಸ್ಪತ್ರೆಯ ನುಣುಪು ನೆಲಕ್ಕೆ ಸಾಕು. ಆದರೆ ದೇವಸ್ಥಾನದಿಂದ ಸುಮಾರು 3 ಕಿ.ಮೀ. ದೂರದ ಭೀಮಾ–ಅಮರ್ಜಾ ಸಂಗಮದಲ್ಲಿ ಮುಂದಿನ ಗಾಲಿಗಳು ಸಡಿಲ ಮಣ್ಣಿನಲ್ಲಿ ಹೂತು, ತಾಯಿ ಮುಗ್ಗರಿಸಿ ಬೀಳುವುದರಲ್ಲಿದ್ದರು. ಆಮೇಲೆ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ ಎಳೆದಾಗ ಮಾತ್ರ ಅದು ಸಾಗಿತು. ಇಳಿಜಾರಿನಲ್ಲಿ ನಿಲ್ಲಿಸಿದರೆ ಎಡಗಡೆಯ ಬ್ರೇಕು ಹಿಡಿಯಲಿಲ್ಲವಾದ್ದರಿಂದ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಬೇಕಾಯಿತು. ವಯಸ್ಸಾದವರು ಕೂರುವ ಕುರ್ಚಿಯನ್ನು ಬ್ರೇಕು ಪರೀಕ್ಷಿಸದೆ ಬಾಡಿಗೆಗೆ ಕೊಡುವುದನ್ನು ನಾನು ಸಣ್ಣ ತಪ್ಪೆಂದು ಒಪ್ಪಲಾರೆ. ಘಟ್ಟದ ಮೆಟ್ಟಿಲು ಇಳಿಯುವುದು ಸಾಧ್ಯವಿರಲಿಲ್ಲ. ನನ್ನ ತಮ್ಮ ಬಿಂದಿಗೆಯಲ್ಲಿ ತಂದ ನದಿಯ ನೀರನ್ನು ತಾಯಿ ಕೂತಲ್ಲೇ ತಲೆಗೆ ಪ್ರೋಕ್ಷಿಸಿಕೊಂಡು, ಉಳಿದದ್ದನ್ನು ಪಾದಗಳ ಮೇಲೆ ಹನಿಹನಿಯಾಗಿ ಬಿಟ್ಟುಕೊಂಡರು.

ಇದೇ ಕುರ್ಚಿ ಮಧ್ಯಾಹ್ನ ತನ್ನ ಬಾಡಿಗೆಯನ್ನು ತೀರಿಸಿತು. ದತ್ತಾತ್ರೇಯರು ಯಾವುದಾದರೊಂದು ರೂಪದಲ್ಲಿ ಇಲ್ಲಿ ಭಿಕ್ಷೆಗೆ ಬರುತ್ತಾರೆಂಬ ನಂಬಿಕೆಯಿಂದ ಭಕ್ತರು ಮಧುಕರಿ, ಅಂದರೆ ಮನೆಮನೆಯ ಭಿಕ್ಷೆ, ಬೇಡುತ್ತಾರೆ. ಅದೊಂದು ತಾಯಿಯವರ ಬಹುಕಾಲದ ಆಸೆಯಾಗಿತ್ತು. ಗಟ್ಟಿ ನೆಲದ ಓಣಿಯಲ್ಲಿ ಗಾಲಿಗಳು ಗಡಗಡಿಸಿದರೂ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ತೊಡೆಯ ಮೇಲೆ ಸ್ಟೀಲಿನ ಬಟ್ಟಲಿಟ್ಟುಕೊಂಡು ಅವರು ಬಾಗಿಲ ಮುಂದೆ ಕೈಯೊಡ್ಡಿದಾಗ, ಒಬ್ಬ ಹೆಣ್ಣುಮಗಳು ಹೊಸ್ತಿಲು ದಾಟಿ ಬಂದು, "ಯವ್ವಾ, ನೀವು ಏಳಬ್ಯಾಡ್ರಿ, ನಾನೇ ಬರ್ತೀನಿ" ಎಂದು ಬಾಗಿ ಅರ್ಧ ರೊಟ್ಟಿ ಹಾಕಿದರು.

ದೇವಸ್ಥಾನದಲ್ಲಿ ಪೂಜೆಗೊಳ್ಳುವ ನಿರ್ಗುಣ ಪಾದುಕೆಗಳ ದರ್ಶನ ಸಣ್ಣ ಕಿಂಡಿಯ ಮೂಲಕ ಆಗುವುದರಿಂದ ಅಲ್ಲಿಗೆ ಕುರ್ಚಿಯ ಉಪಯೋಗವಿಲ್ಲ. ಇಬ್ಬರು ತೋಳು ಹಿಡಿದರೆ ಕ್ಷಣಕಾಲ ನಿಲ್ಲಬಲ್ಲವರಿಗೆ ದರ್ಶನ ಸಾಧ್ಯ. ಸರತಿಯಲ್ಲಿ ಕಾಯುವಾಗ ಕೂರಲು ನಾವು ಮಡಚುವ ಸ್ಟೂಲನ್ನೂ ಒಯ್ದದ್ದು ಒಳ್ಳೆಯದಾಯಿತು.

ಹಿಂದಿರುಗಿಸುವಾಗ ಬ್ರೇಕಿನ ದೋಷವನ್ನು ತೋರಿಸಿದೆ. ಅಂಗಡಿಯವರು ಅದನ್ನು ಬರೆದುಕೊಂಡು ಮುಂಗಡವನ್ನು ಪೂರ್ತಿ ಮರಳಿಸಿದರು. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಬಾಡಿಗೆಗೆ ಪಡೆಯುವವರು 24 ಇಂಚಿನ ಹಿಂಗಾಲಿಗಳಿರುವ ಕುರ್ಚಿಯನ್ನೇ ಕೇಳಿ, ಅಂಗಡಿಯ ಮುಂದಿನ ಇಳಿಜಾರಿನಲ್ಲಿ ಮನೆಯವರೊಬ್ಬರನ್ನು ಕೂರಿಸಿ ಎರಡೂ ಬ್ರೇಕು ಹಾಕಿ ನೋಡಿದ ಮೇಲೆಯೇ ಹಣ ಕೊಡಬೇಕು.