ನದಿ ಪಕ್ಕದ ಮನೆಯೋ, ಭೂಕಂಪ ವಲಯದ ಮನೆಯೋ?

ನೆರೆ ಪದೇ ಪದೇ ಬರುತ್ತದೆ. ಆದರೆ ದೊಡ್ಡ ನದಿಯ ನೆರೆ ಸಾಮಾನ್ಯವಾಗಿ ಮೊದಲೇ ಗೊತ್ತಾಗುತ್ತದೆ, ಜೀವ ಉಳಿಸಿಕೊಳ್ಳಬಹುದು. ಏಟು ಬೀಳುವುದು ಜೇಬಿಗೆ: ವೈರಿಂಗ್, ಹಾಸಿಗೆ, ಕಾಗದಪತ್ರ ಎಲ್ಲ ಕೆಸರುಪಾಲು.

ಭೂಕಂಪ ಅಪರೂಪ, ಆದರೆ ಹೇಳಿ ಬರುವುದಿಲ್ಲ. ಅಲ್ಲಿ ಜನರನ್ನು ಕೊಲ್ಲುವುದು ಹೆಚ್ಚಾಗಿ ಕುಸಿಯುವ ಕಟ್ಟಡ. 2010ರ ಜನವರಿಯಲ್ಲಿ ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪ ಆಯಿತು. ಸತ್ತವರು ಲಕ್ಷಕ್ಕೂ ಜಾಸ್ತಿ. ಮುಂದಿನ ತಿಂಗಳೇ ಚಿಲಿಯಲ್ಲಿ 8.8. ಹೊರಬಿದ್ದ ಶಕ್ತಿ ಸುಮಾರು 500 ಪಟ್ಟು, ಆದರೂ ಸತ್ತವರು ಸುಮಾರು 500 ಮಂದಿ. ಚಿಲಿಯಲ್ಲಿ ಕಟ್ಟಡದ ನಿಯಮ ಬಿಗಿಯಾಗಿತ್ತು, ಪಾಲನೆಯೂ ಇತ್ತು. ಹಣದ ಲೆಕ್ಕದಲ್ಲಿ ಚಿಲಿಗೇ ಹೆಚ್ಚು ನಷ್ಟ, ಸುಮಾರು 3,000 ಕೋಟಿ ಡಾಲರ್. ಹೈಟಿಯ ನಷ್ಟ ಅದಕ್ಕಿಂತ ಎಷ್ಟೋ ಕಡಿಮೆ, ಆದರೆ ಅದು ಆ ದೇಶದ ಇಡೀ ವರ್ಷದ ಉತ್ಪನ್ನವನ್ನೇ ಮೀರಿತ್ತು. ಬಡವರಿಗೆ ಸಣ್ಣ ಮೊತ್ತವೂ ಬದುಕನ್ನೇ ಮುಳುಗಿಸುತ್ತದೆ, ಅಲ್ವಾ?

ಹಾಗಾಗಿ ಭೂಕಂಪ ವಲಯದಲ್ಲಿ ಮನೆ ನಿಯಮದಂತೆ ಕಟ್ಟಿದ್ದಾಗಿದ್ದರೆ ನಾನು ಅದನ್ನೇ ಆರಿಸುತ್ತೇನೆ. ಕೆಳಗೆ ಪಾರ್ಕಿಂಗ್‌ಗೆಂದು ಬರೀ ಕಂಬ ನಿಲ್ಲಿಸಿ, ಮೇಲೆ ಭಾರ ಹೇರಿದ ಕಟ್ಟಡವಾದರೆ ಎಂಜಿನಿಯರ್‌ಗೆ ತೋರಿಸದೆ ಬೇಡವೇ ಬೇಡ. ಹಳೇ ಇಟ್ಟಿಗೆ ಮನೆ ಮಾತ್ರ ಸಿಕ್ಕರೆ, ನದಿ ಪಕ್ಕದ ಎರಡನೇ ಮಹಡಿ ವಾಸಿ. ವಿಮೆ ಮಾತ್ರ ಮರೀಬೇಡಿ.