ರಿಲೇ ಟಕ್ ಅಂದರೆ ಪೆಟ್ಟಿಗೆ ಕೆಟ್ಟಿದೆ ಅಂತಲಾ? ಬನಹಟ್ಟಿಯ ಕರೆಂಟಿನಲ್ಲಿ ನಾಲ್ಕು ಪೆಟ್ಟಿಗೆಗಳ ಹೋಲಿಕೆ

ನಮ್ಮ ಮನೆ ಇರುವುದು ಬನಹಟ್ಟಿಯಲ್ಲಿ. ಓಣಿ ತುಂಬ ಪಾವರ್‌ಲೂಮ್. ಕರೆಂಟ್ ಹೋಗಿ ಬಂದರೆ ಸಾಕು, ಎಲ್ಲರೂ ಒಟ್ಟಿಗೆ ಮಗ್ಗ ಹಚ್ಚುತ್ತಾರೆ. ಮೋಟರ್ ಶುರುವಾಗುವ ಗಳಿಗೆಯಲ್ಲಿ ಓಡುವಾಗಿನದಕ್ಕಿಂತ ಐದಾರು ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ. ರಾತ್ರಿ ಊಟ ಮುಗಿಸಿ ಖಯಾಲ್ ಕೇಳಲು ಕೂತಿರುತ್ತೇನೆ. ತಂಬೂರಿ ಈಗಷ್ಟೇ ಶುರುವಾಗಿರುತ್ತದೆ. ಅಷ್ಟರಲ್ಲಿ ಟೇಬಲ್ ಕೆಳಗಿನ ಪವರ್ ರೀಜನರೇಟರ್, ಅಂದರೆ ಬಂದ ಕರೆಂಟನ್ನು ಹೊಸದಾಗಿ ಕಟ್ಟಿ ಆಂಪ್ಲಿಫೈಯರ್‌ಗೆ ಕೊಡುವ ಪೆಟ್ಟಿಗೆ, ಟಕ್ ಅನ್ನುತ್ತದೆ. ಎರಡು ನಿಮಿಷಕ್ಕೆ ಮತ್ತೆ ಟಕ್, ಟಕ್.

ಪೆಟ್ಟಿಗೆ ಕೆಟ್ಟಿತೇನೋ ಅಂತ ನನಗೆ ನಿಜವಾಗಿ ಚಿಂತೆಯಾಯಿತು. ಗೆಳೆಯರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಂದದ್ದು ಬೇರೆ. ಅದಕ್ಕೇ ಮನೆಯಲ್ಲಿದ್ದ ಹಳೆಯ ರಿಲೇ ಸ್ಟೆಬಿಲೈಜರ್, ಎರವಲು ತಂದ 2 ಕೆವಿಎ ಸರ್ವೋ ಸ್ಟೆಬಿಲೈಜರ್, ತಮ್ಮನ ಅಂಗಡಿಯ 1 ಕೆವಿಎ ಆನ್‌ಲೈನ್ ಯುಪಿಎಸ್, ಮತ್ತು ಈ ರೀಜನರೇಟರ್, ನಾಲ್ಕನ್ನೂ ವಾರಕ್ಕೊಂದರಂತೆ ಒಂದೇ ಸಾಕೆಟ್‌ಗೆ, ಒಂದೇ ಆಂಪ್ಲಿಫೈಯರ್‌ಗೆ ಹಾಕಿ ನೋಡಿದೆ. ಪಕ್ಕದಲ್ಲಿ ವೋಲ್ಟ್‌ಮೀಟರ್ ಇಟ್ಟುಕೊಂಡು, ಟಕ್ ಅಂದಾಗಲೆಲ್ಲ ಎಷ್ಟು ವೋಲ್ಟ್ ಇತ್ತು ಅಂತ ನೋಟ್‌ಬುಕ್ಕಿನಲ್ಲಿ ಬರೆದೆ.

ಮೊದಲು ರಿಲೇ ಸ್ಟೆಬಿಲೈಜರ್. ಇದಕ್ಕೆ ಟಕ್ ಅನ್ನುವುದೇ ಕೆಲಸ. ಒಳಗೊಂದು ಟ್ರಾನ್ಸ್‌ಫಾರ್ಮರ್, ಅದರಿಂದ ನಾಲ್ಕೈದು ತಂತಿ ಹೊರಗೆ ಬಂದಿರುತ್ತವೆ. ವೋಲ್ಟೇಜ್ ಇಳಿದರೆ ಒಂದು ತಂತಿ ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ, ಹಿಡಿಯುವುದು ರಿಲೇ. ರಾತ್ರಿ ಎಂಟರಿಂದ ಹನ್ನೊಂದರವರೆಗೆ 41 ಸಲ ಎಣಿಸಿದೆ. ರಿಪೇರಿ ಕಾಕಾ ಅದನ್ನು ಬಿಚ್ಚಿ, ಸಕ್ಕರೆ ತುಂಡಿನಂಥ ಶುಗರ್ ಕ್ಯೂಬ್ ರಿಲೇ ಒಂದನ್ನು ಕಿತ್ತು, ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ನನ್ನ ಅಂಗೈ ಮೇಲಿಟ್ಟರು. ಒಂದು ಪುಟ್ಟ ಸುರುಳಿ, ಅದರ ಮೇಲೆ ಕಬ್ಬಿಣದ ಚಿಕ್ಕ ಪಟ್ಟಿ. ಸುರುಳಿಗೆ ಕರೆಂಟ್ ಬಂದರೆ ಅದು ಅಯಸ್ಕಾಂತವಾಗಿ ಪಟ್ಟಿಯನ್ನು ಎಳೆಯುತ್ತದೆ. ಪಟ್ಟಿ ಬಂದು ಬಡಿಯುವ ಸದ್ದೇ ಟಕ್. ಪಟ್ಟಿಯ ತುದಿಯಲ್ಲಿ ಕರೆಂಟ್ ದಾಟಿಸುವ ಲೋಹದ ಬೊಟ್ಟು ಎಳ್ಳಿನಷ್ಟು ದೊಡ್ಡದು, ಕಪ್ಪಾಗಿ ಕುಳಿ ಬಿದ್ದಿತ್ತು. "ಪ್ರತಿ ಸಲ ಕಿಡಿ ಹಾರತೈತ್ರಿ, ಅದಕ್ಕ ಹಿಂಗಾಗೈತಿ" ಅಂದರು. ಇಂಥ ರಿಲೇ ಲೋಡ್ ಹೊತ್ತುಕೊಂಡು ಸುಮಾರು ಒಂದು ಲಕ್ಷ ಸಲ ಬಡಿಯಬಲ್ಲದು ಅಂತ ಸಾಮಾನ್ಯ ಲೆಕ್ಕ. ಫ್ರಿಜ್‌ಗೆ ಈ ಸ್ಟೆಬಿಲೈಜರ್ ಸಾಕು. ಸಂಗೀತ ಕೇಳುವ ಕೋಣೆಗೆ ಬೇಡ.

ಸರ್ವೋದಲ್ಲಿ ಹಂತಗಳೇ ಇಲ್ಲ. ಚಿಕ್ಕ ಮೋಟರ್ ಒಂದು ಕಾರ್ಬನ್ ಬ್ರಷ್ ಅನ್ನು ಸುರುಳಿಯ ಮೇಲೆ ಮೆಲ್ಲಗೆ ಸರಿಸುತ್ತದೆ. ಹಚ್ಚಿದಾಗ ಒಮ್ಮೆ ಟಕ್, ಆಮೇಲೆ ಬರೀ ಗುರ್ರ್. ಹೊರಬರುವ ವೋಲ್ಟೇಜ್ 228ರಿಂದ 232ರೊಳಗೇ ಇತ್ತು. ಮಗ್ಗ ಹಚ್ಚಿದ ಗಳಿಗೆಯ ಸಣ್ಣ ಕುಸಿತವನ್ನು ಹಿಡಿಯುವಷ್ಟು ಅದು ಚುರುಕಲ್ಲ, ಆದರೆ ರಾತ್ರಿಯಿಡೀ ಕಮ್ಮಿ ಇರುವ ವೋಲ್ಟೇಜ್ ಅನ್ನು ಚೆನ್ನಾಗಿ ಎತ್ತುತ್ತದೆ. ಒಂದು ಕೊರತೆ ಮಾತ್ರ ನನಗೆ ದೊಡ್ಡದು. ಬಂದ ಕರೆಂಟಿನ ಅಲೆ ಸೊಟ್ಟಗಿದ್ದರೆ ಸರ್ವೋ ಅದನ್ನು ಹಾಗೇ ಮುಂದೆ ಕಳಿಸುತ್ತದೆ. ನನ್ನ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಅಂಥ ಕರೆಂಟಿಗೆ ಗುಂಯ್ ಅನ್ನುತ್ತದೆ. ಆ ಗುಂಯ್ ಹೋಗಲಿಲ್ಲ.

ಯುಪಿಎಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕರೆಂಟಿನ ವಿಷಯದಲ್ಲಿ ಎಲ್ಲಕ್ಕಿಂತ ಗಟ್ಟಿ. ಎಸಿಯನ್ನು ಡಿಸಿ ಮಾಡಿ ಮತ್ತೆ ಹೊಸ ಎಸಿ ಮಾಡುತ್ತದೆ, ಕಮ್ಮಿ ಬಿದ್ದರೆ ಬ್ಯಾಟರಿ ಇದೆ. ವಾರದಲ್ಲಿ ನಡುವೆ ಒಂದೇ ಒಂದು ಟಕ್ ಇಲ್ಲ, ಗುಂಯ್ ಕೂಡ ಇಲ್ಲ. ಆದರೆ ಫ್ಯಾನ್! ತಂಬೂರಿಗಿಂತ ಮೊದಲು ಅದೇ ಕೇಳುತ್ತದೆ. ಬೇರೆ ಕೋಣೆಯಲ್ಲಿಟ್ಟು ವಯರ್ ಎಳೆಯುವವರಿಗೆ ಇದೇ ಒಳ್ಳೆಯದು.

ಇನ್ನು ರೀಜನರೇಟರ್. ಇದೂ ಡಿಸಿ ಮಾಡಿ ಹೊಸದಾಗಿ 50 ಹರ್ಟ್ಸ್ ಅಲೆ ಕಟ್ಟುತ್ತದೆ, ಆಂಪ್ಲಿಫೈಯರ್ ಹಾಡನ್ನು ದೊಡ್ಡದು ಮಾಡುವ ಹಾಗೆಯೇ. ಫ್ಯಾನ್ ಇಲ್ಲ, ಬ್ಯಾಟರಿಯೂ ಇಲ್ಲ, ಮೈ ಮಾತ್ರ ಬಿಸಿ. ಗುಂಯ್ ಪೂರ್ತಿ ಹೋಯಿತು. ಅದಕ್ಕೇ ಇದನ್ನು ಬಿಡಲು ನನಗೆ ಮನಸ್ಸಿರಲಿಲ್ಲ, ಟಕ್ ಯಾಕೆ ಅಂತ ಹಟ ಹಿಡಿದು ಹುಡುಕಿದೆ.

ಹಚ್ಚಿದಾಗ ಎರಡು ಟಕ್. ಮೊದಲ ಗಳಿಗೆಯಲ್ಲಿ ಒಳಗಿನ ಕೆಪಾಸಿಟರ್‌ಗಳು ಒಮ್ಮೆಲೇ ಕರೆಂಟ್ ಎಳೆಯದಂತೆ ಒಂದು ರೆಸಿಸ್ಟರ್ ತಡೆಯುತ್ತದೆ. ಅವು ತುಂಬಿದ ಮೇಲೆ ರಿಲೇ ಆ ರೆಸಿಸ್ಟರನ್ನು ಬಿಟ್ಟು ಕರೆಂಟ್ ನೇರ ಹೋಗುವಂತೆ ಮಾಡುತ್ತದೆ, ಒಂದು ಟಕ್. ಅಲೆ ಸರಿಯಾದ ಮೇಲೆ ಹೊರಗಿನ ಸಾಕೆಟ್‌ಗಳಿಗೆ ಕರೆಂಟ್ ಬಿಡುತ್ತದೆ, ಇನ್ನೊಂದು ಟಕ್. ಇವೆರಡೂ ಆರೋಗ್ಯದ ಸದ್ದು.

ನಡುವೆ ಬರುವ ಟಕ್ ಬೇರೆ. ನೋಟ್‌ಬುಕ್ ನೋಡಿದರೆ ಪ್ರತಿ ಸಲವೂ ಒಳಬರುವ ವೋಲ್ಟೇಜ್ 190ರ ಆಸುಪಾಸು. ನನ್ನ ಪೆಟ್ಟಿಗೆಯ ಕೆಳಮಿತಿಯೂ 190. ಅದಕ್ಕಿಂತ ಇಳಿದರೆ ಹೊರಗಿನ ರಿಲೇ ಬಿಡುತ್ತದೆ. ಬಿಟ್ಟ ಕೂಡಲೇ ಲೋಡ್ ಇಲ್ಲದೆ ಸಾಕೆಟ್‌ನಲ್ಲಿ ವೋಲ್ಟೇಜ್ ಮೂರ್ನಾಲ್ಕು ಏರುತ್ತದೆ, ರಿಲೇ ಮತ್ತೆ ಹಿಡಿಯುತ್ತದೆ. ಹಿಡಿದರೆ ಮತ್ತೆ ಇಳಿಯುತ್ತದೆ. ಅದಕ್ಕೇ ಜೋಡಿ ಜೋಡಿಯಾಗಿ ಟಕ್ ಟಕ್.

ಆದರೆ ನನ್ನ ಸಣ್ಣ ಲೋಡ್‌ಗೆ ಮೂರ್ನಾಲ್ಕು ವೋಲ್ಟ್ ಬೀಳುವುದು ಜಾಸ್ತಿ ಅಲ್ವಾ? ವಯರಿಂಗ್ ಮಾಡುವವರನ್ನು ಕರೆಸಿದೆ. ಸಾಕೆಟ್‌ನ ನ್ಯೂಟ್ರಲ್ ಸ್ಕ್ರೂ ಸಡಿಲಾಗಿತ್ತು, ವಯರಿನ ತುದಿ ಕಂದುಬಣ್ಣಕ್ಕೆ ತಿರುಗಿತ್ತು. ತುದಿ ಕತ್ತರಿಸಿ ಬಿಗಿ ಮಾಡಿದ ಮೇಲೆ ಟಕ್ ಅರ್ಧಕ್ಕೆ ಇಳಿಯಿತು. ಪೆಟ್ಟಿಗೆ ಮೇಲೆ ಅನುಮಾನ ಪಡುವ ಮೊದಲು ದಯವಿಟ್ಟು ಸಾಕೆಟ್ ನೋಡಿಸಿ. ಆ ಸ್ಕ್ರೂ ಹಾಗೇ ಇದ್ದಿದ್ದರೆ ಬೆಂಕಿ ಹತ್ತಬಹುದಿತ್ತು.

ಪೆಟ್ಟಿಗೆಯ ಹಿಂಭಾಗಕ್ಕೆ ಹಾಕಿದ ಪ್ಲಗ್ಗುಗಳನ್ನೆಲ್ಲ ತೆಗೆದು ಕೂಡ ನೋಡಿ. ಆಗ ಟಕ್ ನಿಂತರೆ ಲೋಡ್ ಜಾಸ್ತಿಯಾಗಿರಬಹುದು, ಇಲ್ಲವೇ ನನ್ನ ಮನೆಯ ಹಾಗೆ ವೋಲ್ಟೇಜ್ ಅಂಚಿನಲ್ಲಿ ನಿಂತಿರಬಹುದು. ಯಾವುದು ಅಂತ ಮೀಟರ್ ಹೇಳುತ್ತದೆ. ವೋಲ್ಟೇಜ್ ಸರಿಯಿದ್ದು, ಲೋಡೂ ಇಲ್ಲದೆ ಟಕಟಕಟಕ ಅಂತ ಬಿಡದೆ ಬಡಿದರೆ ಮಾತ್ರ ಒಳಗೆ ಏನೋ ಕೆಟ್ಟಿದೆ. ಆರಿಸಿ ರಿಪೇರಿಗೆ ಕೊಡಿ, ನೀವೇ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ.

ಉಳಿದರ್ಧ ಟಕ್ ಹೋಗಿಸಲು ಸರ್ವೋವನ್ನು ರೀಜನರೇಟರಿನ ಮುಂದೆ ಹಾಕಿದೆ. ಸರ್ವೋ 170ರಿಂದ ಎತ್ತುತ್ತದೆ, ನಮ್ಮಲ್ಲಿ ರಾತ್ರಿ 184ಕ್ಕಿಂತ ಕೆಳಗೆ ಇಳಿದದ್ದು ನಾನು ನೋಡಿಲ್ಲ. ಎರವಲು ವಾಪಸ್ ಕೊಟ್ಟು ನನ್ನದೇ ಒಂದು ಕೊಂಡೆ. ಗುರ್ರ್ ಕೇಳದಿರಲಿ ಅಂತ ಅದನ್ನು ಹೊರಗಿನ ಪಡಸಾಲೆಯಲ್ಲಿಟ್ಟಿದ್ದೇನೆ. ಮೂರು ವಾರವಾಯಿತು. ಹಚ್ಚುವಾಗ ಎರಡು ಟಕ್, ಆರಿಸುವಾಗ ಒಂದು. ನಡುವೆ ತಂಬೂರಿ.